ಕರುಳಿನ ಸಣ್ಣ ಪಾಲಿಪ್: ಸುಟ್ಟು ತೆಗೆಯಬೇಕೇ, ಸುಡದೆ ತೆಗೆಯಬೇಕೇ?

“ಹಕೀಂ ಸಾಬ್, ಕರುಳಿನ್ಯಾಗ ಕರೆಂಟ್ ಹಚ್ಚತಾರಂತ. ಅದರ ಬದಲು ನೀವೇ ಒಂದು ಮಾಜೂನ್ ಕೊಡ್ರಿ.” ಗೋಕಾಕ ಫಾಲ್ಸ್‌ನ ನನ್ನ ದವಾಖಾನೆಗೆ ಬಂದ ಚಾಚಾ ಒಬ್ಬರು ಹೀಗೆ ಕೇಳಿದರು. ಮಲದಲ್ಲಿ ರಕ್ತ ಬರುತ್ತಿದ್ದುದನ್ನು ಬವಾಸೀರ್ ಎಂದು ತಿಳಿದು ಅವರು ತಿಂಗಳುಗಟ್ಟಲೆ ಸುಮ್ಮನಿದ್ದರು. ಕೊಲೊನೋಸ್ಕೋಪಿ ಮಾಡಿಸಿ, ಪಾಲಿಪ್ ಇದ್ದರೆ ಆಗಲೇ ತೆಗೆಯೋಣ ಎಂದು ಬೆಳಗಾವಿಯ ವೈದ್ಯರು ಹೇಳಿದ್ದರು.

ಪಾಲಿಪ್ ಎಂದರೆ ದೊಡ್ಡ ಕರುಳಿನ ಒಳಪದರದ ಮೇಲೆ ಬೆಳೆಯುವ ಸಣ್ಣ ಗಂಟು. ಎಲ್ಲವೂ ಅಪಾಯಕಾರಿಯಲ್ಲ. ಆದರೆ ಅಡೆನೋಮಾ ಎಂಬ ಬಗೆಯ ಕೆಲವು ಗಂಟುಗಳು ವರ್ಷಗಳ ನಂತರ ಕ್ಯಾನ್ಸರ್ ಆಗಬಹುದು. ಯುನಾನಿ ವೈದ್ಯನಾಗಿಯೇ ಹೇಳುತ್ತೇನೆ: ಅವನ್ನು ಕರಗಿಸುವ ಮಾಜೂನ್ ನಮ್ಮಲ್ಲಿಲ್ಲ.

ತೆಗೆಯುವ ವಿಧಾನಗಳು ಮುಖ್ಯವಾಗಿ ಮೂರು. ಮೊದಲನೆಯದು ಪುಟ್ಟ ಚಿಮುಟದಿಂದ ಕೀಳುವುದು. ಇದರಲ್ಲಿ ಗಂಟಿನ ಚೂರು ಉಳಿಯುವ ಸಂಭವ ಹೆಚ್ಚು. ಆದ್ದರಿಂದ 1ರಿಂದ 3 ಮಿಲಿಮೀಟರಿನ ಗಂಟಿಗೆ ಮಾತ್ರ, ಅದೂ ಕುಣಿಕೆ ಹಾಕಲು ಆಗದಿದ್ದಾಗ ಬಳಸುತ್ತಾರೆ.

ಎರಡನೆಯದು ತಂತಿಯ ಕುಣಿಕೆ ಹಾಕಿ ವಿದ್ಯುತ್ತಿನಿಂದ ಸುಟ್ಟು ಕತ್ತರಿಸುವುದು. 1969ರಲ್ಲಿ ನ್ಯೂಯಾರ್ಕಿನಲ್ಲಿ ವೈದ್ಯರಾದ ಶಿನ್ಯಾ ಮತ್ತು ವುಲ್ಫ್ ಈ ದಾರಿ ತೆರೆದರು. ಅದರಿಂದ ಎಷ್ಟೋ ಜನರಿಗೆ ಹೊಟ್ಟೆ ಕೊಯ್ಯುವ ಆಪರೇಷನ್ ತಪ್ಪಿತು. ಆದರೆ ಬಿಸಿ ಆಳಕ್ಕಿಳಿದರೆ ಕರುಳಿನ ಗೋಡೆಗೆ ಗಾಯವಾಗಬಹುದು. ಕೆಲವು ದಿನಗಳ ನಂತರ, ಎರಡು ವಾರದೊಳಗೆ, ರಕ್ತಸ್ರಾವವೂ ಆಗಬಹುದು.

ಮೂರನೆಯದು ಅದೇ ಕುಣಿಕೆಯನ್ನು ಕರೆಂಟ್ ಇಲ್ಲದೆ ಬಿಗಿದು, ಸುತ್ತಲಿನ ಒಂದೆರಡು ಮಿಲಿಮೀಟರ್ ಒಳ್ಳೆಯ ಪದರದೊಂದಿಗೆ ಕತ್ತರಿಸುವುದು. ಇದಕ್ಕೆ ಕೋಲ್ಡ್ ಸ್ನೇರ್ ಎನ್ನುತ್ತಾರೆ. ಆಗ ತುಸು ರಕ್ತ ಜಿನುಗಿದರೂ ಸಾಮಾನ್ಯವಾಗಿ ತಾನಾಗಿ ನಿಲ್ಲುತ್ತದೆ. ಬಿಸಿಯಿಲ್ಲದ ಕಾರಣ ಆಳದ ಗಾಯದ ಭಯ ಬಹಳ ಕಡಿಮೆ. 9 ಮಿಲಿಮೀಟರಿನವರೆಗಿನ ಗಂಟುಗಳಿಗೆ ಇಂದು ಇದೇ ಮೊದಲ ಆಯ್ಕೆ. ದೊಡ್ಡ ಅಥವಾ ದಪ್ಪ ತೊಟ್ಟಿನ ಗಂಟಿಗೆ ಕರೆಂಟ್ ಬೇಕಾಗಬಹುದು.

ಹೋಗುವ ಮುನ್ನ “ಗಂಟು ಸಣ್ಣದಿದ್ದರೆ ಸುಡದೆ ತೆಗೆಯುತ್ತೀರಾ?” ಎಂದು ವೈದ್ಯರನ್ನು ಸಂಕೋಚವಿಲ್ಲದೆ ಕೇಳಿ. ರಕ್ತ ತೆಳುವಾಗಿಸುವ ಮಾತ್ರೆ, ಮಧುಮೇಹದ ಮಾತ್ರೆ, ನಮ್ಮಿಂದ ಪಡೆದ ಔಷಧಿ ಎಲ್ಲವನ್ನೂ ಅವರಿಗೆ ತೋರಿಸಿ. ನೀವಾಗಿಯೇ ಯಾವುದನ್ನೂ ನಿಲ್ಲಿಸಬೇಡಿ. ಕರುಳು ಶುಚಿಗೊಳಿಸಲು ಔಷಧಿ, ನೀರು ಕುಡಿಯಲೇಬೇಕು. ತುರ್ತಿಲ್ಲದಿದ್ದರೆ ರಮಝಾನ್ ಬಿಟ್ಟು ಬೇರೆ ದಿನ ಕೇಳಿಕೊಳ್ಳಿ. ತುರ್ತಿದ್ದರೆ ಮುಂದೂಡಬೇಡಿ, ರೋಝಾವನ್ನು ಆಮೇಲೆ ಕಝಾ ಮಾಡಬಹುದು.

ಮನೆಗೆ ಬಂದ ಮೇಲೆ ತೀವ್ರ ಹೊಟ್ಟೆನೋವು, ಜ್ವರ, ಹೆಚ್ಚು ರಕ್ತ ಅಥವಾ ಕಪ್ಪು ಮಲ ಕಂಡರೆ ಕೂಡಲೇ ಆಸ್ಪತ್ರೆಗೆ ಹೋಗಿ. ಗಂಟಿನ ಪರೀಕ್ಷೆಯ ರಿಪೋರ್ಟ್ ತಪ್ಪದೆ ಪಡೆಯಿರಿ. ಮುಂದಿನ ತಪಾಸಣೆ ಯಾವಾಗ ಎಂಬುದು ಅದರಿಂದಲೇ ತಿಳಿಯುತ್ತದೆ.

ಚಾಚಾರಿಗೆ ನಾನು ಮಾಜೂನ್ ಕೊಡಲಿಲ್ಲ. ಇಷ್ಟನ್ನೂ ವಿವರಿಸಿ, ಮಗನನ್ನು ಜೊತೆ ಮಾಡಿ ಬೆಳಗಾವಿಗೆ ಕಳಿಸಿದೆ.