ಲಿವರ್ ರಿಪೋರ್ಟಿನಲ್ಲಿ ಹೃದಯದ ಸುದ್ದಿ

ಕಳೆದ ತಿಂಗಳು ಇಶಾ ನಮಾಝ್ ಮುಗಿಸಿ ಮಸೀದಿಯಿಂದ ಹೊರಗೆ ಬರುವಾಗ ನಮ್ಮ ಜಮಾಅತಿನ ಹಿರಿಯ ಹಾಜಿಯೊಬ್ಬರು ನನ್ನ ಕೈ ಹಿಡಿದು ಬದಿಗೆ ಕರೆದರು. ಜೇಬಿನಿಂದ ನಾಲ್ಕಾಗಿ ಮಡಚಿದ ಲ್ಯಾಬ್ ರಿಪೋರ್ಟ್ ತೆಗೆದರು. "ಉಸ್ತಾದ್, ಇದನ್ನು ಮನೆಯಲ್ಲಿ ಯಾರಿಗೂ ತೋರಿಸಿಲ್ಲ. ಗಾಮಾ ಜಿಟಿ ಜಾಸ್ತಿ ಉಂಟಂತೆ. ಅದು ಕುಡಿಯುವವರಿಗೆ ಏರುವುದಂತಲ್ಲ? ಮಕ್ಕಳು ಏನು ಗ್ರಹಿಸಿಯಾರು?"

ಜೀವಮಾನದಲ್ಲಿ ಒಂದು ಹನಿ ಮುಟ್ಟದ ಮನುಷ್ಯ. ಕಾಯಿಲೆಗಿಂತ ಮಾನದ ಚಿಂತೆ ಅವರಿಗೆ. ನಾನು ಪಿಯುಸಿ ಓದಿದವ, ಡಾಕ್ಟರಲ್ಲ. ಮರುದಿನ ಅವರ ಜೊತೆ ಡಾಕ್ಟರರ ಹತ್ತಿರ ಹೋದೆ.

ಎಸ್‌ಜಿಒಟಿ, ಎಸ್‌ಜಿಪಿಟಿ, ಗಾಮಾ ಜಿಟಿ ಇವೆಲ್ಲ ಜೀವಕೋಶಗಳಲ್ಲಿರುವ ಕಿಣ್ವಗಳು. ಕೋಶಕ್ಕೆ ಪೆಟ್ಟಾದರೆ ರಕ್ತಕ್ಕೆ ಸೋರುತ್ತವೆ. ಎಸ್‌ಜಿಪಿಟಿ ಹೆಚ್ಚಾಗಿ ಲಿವರಿನದ್ದು. ಆದರೆ ಎಸ್‌ಜಿಒಟಿ ಹೃದಯದ ಸ್ನಾಯುವಿನಲ್ಲೂ ಧಾರಾಳ ಉಂಟು. 1954ರಲ್ಲಿ ನ್ಯೂಯಾರ್ಕಿನ ಲಾಡ್ಯೂ, ರೊಬ್ಲೆವ್‌ಸ್ಕಿ, ಕಾರ್ಮೆನ್ ಎಂಬವರು ಹೃದಯಾಘಾತವಾದವರ ರಕ್ತದಲ್ಲಿ ಇದು ಏರುವುದನ್ನು ತೋರಿಸಿದರು. ನಾವು ಲಿವರ್ ಟೆಸ್ಟ್ ಎನ್ನುವ ಈ ಎಸ್‌ಜಿಒಟಿ ಒಂದು ಕಾಲದಲ್ಲಿ ಹಾರ್ಟಿನ ಟೆಸ್ಟ್ ಆಗಿತ್ತು! ಈಗ ಆ ಕೆಲಸಕ್ಕೆ ಟ್ರೋಪೋನಿನ್ ಬಂದಿದೆ.

ಗಾಮಾ ಜಿಟಿ ಮದ್ಯದಿಂದ ಏರುವುದು ನಿಜ. ಆದರೆ ಫ್ಯಾಟಿ ಲಿವರ್, ಸಕ್ಕರೆ ಕಾಯಿಲೆ, ಹೊಟ್ಟೆಯ ಬೊಜ್ಜು, ಫಿಟ್ಸಿನ ಕೆಲವು ಮಾತ್ರೆ, ಇವುಗಳಿಂದಲೂ ಏರುತ್ತದೆ. ಇದು ಜಾಸ್ತಿ ಇರುವವರಲ್ಲಿ ಮುಂದೆ ಹೃದಯದ ಕಾಯಿಲೆ ಹೆಚ್ಚು ಕಂಡುಬರುತ್ತದೆಂದು ಹಲವು ಅಧ್ಯಯನಗಳು ಹೇಳಿವೆ. ರಕ್ತನಾಳದೊಳಗೆ ಕಟ್ಟಿದ ಕೊಬ್ಬಿನ ಗಡ್ಡೆಯಲ್ಲೂ ಈ ಕಿಣ್ವ ಸಿಕ್ಕಿದೆ. ಹಾಗಂತ ಗಾಮಾ ಜಿಟಿ ನೋಡಿ ಬ್ಲಾಕ್ ಉಂಟು, ಇಲ್ಲ ಎನ್ನಲಿಕ್ಕಾಗುವುದಿಲ್ಲ. ಅದು ಬಾಗಿಲು ತಟ್ಟುವ ಸದ್ದು ಮಾತ್ರ, ಬಂದದ್ದು ಯಾರೆಂದು ಎದ್ದು ನೋಡಬೇಕು. ಫ್ಯಾಟಿ ಲಿವರ್ ಇರುವವರು ಲಿವರ್ ಕೆಟ್ಟು ಸಾಯುವುದಕ್ಕಿಂತ ಹೃದಯದ ಕಾಯಿಲೆಯಿಂದ ಸಾಯುವುದೇ ಹೆಚ್ಚು ಎಂದು ಡಾಕ್ಟರ್ ಹೇಳಿದಾಗ ಹಾಜಿಯವರ ಮುಖ ನೋಡಬೇಕಿತ್ತು. ಮದುವೆ ಮನೆಯ ನೆಯ್ಚೋರು, ರಾತ್ರಿಯ ಪರೋಟ ಎಲ್ಲ ನೆನಪಾಗಿರಬೇಕು. ನನಗಂತೂ ಆಯಿತು.

ಇನ್ನೊಂದು ಮಾತು. ಎಸ್‌ಜಿಪಿಟಿ ಸ್ವಲ್ಪ ಏರಿತೆಂದು ಕೊಲೆಸ್ಟ್ರಾಲ್ ಮಾತ್ರೆಯನ್ನು ತಾವೇ ನಿಲ್ಲಿಸುವವರು ನಮ್ಮಲ್ಲಿ ತುಂಬಾ ಮಂದಿ. ಮೇಲಿನ ಮಿತಿ 40 ಇದ್ದು ನಿಮ್ಮದು 60 ಆದರೆ ಸಾಮಾನ್ಯವಾಗಿ ನಿಲ್ಲಿಸಬೇಕಾಗಿಲ್ಲ. ಮಿತಿಯ ಮೂರು ಪಟ್ಟು ದಾಟಿದರೆ ಡಾಕ್ಟರ್ ಯೋಚಿಸುತ್ತಾರೆ. ಮೊನ್ನೆ ಸ್ಟೆಂಟ್ ಹಾಕಿಸಿಕೊಂಡವರು ಹೀಗೆ ಮಾತ್ರೆ ಬಿಟ್ಟರೆ ಅಪಾಯ. ಎದೆ ನೋವು, ಎಡಗೈ ಸೆಳೆತ, ಬೆವರು ಬಂದಾಗ ಲಿವರ್ ಟೆಸ್ಟ್ ಮಾಡಿಸುತ್ತಾ ಕೂರಬೇಡಿ, ಗ್ಯಾಸ್ ಎಂದು ಸೋಡಾ ಕುಡಿಯಲೂ ಬೇಡಿ. ಕೂಡಲೇ ಇಸಿಜಿ ಇರುವಲ್ಲಿಗೆ ಹೋಗಿ.

ಡಾಕ್ಟರ್ ಹಾಜಿಯವರ ಸೊಂಟ ಅಳೆದರು, ಬಿಪಿ ನೋಡಿದರು, ಸಕ್ಕರೆ, ಕೊಲೆಸ್ಟ್ರಾಲ್ ಪರೀಕ್ಷೆಗೆ ಬರೆದರು. ಸಕ್ಕರೆ ಜಾಸ್ತಿ ಇತ್ತು, ಅವರಿಗೆ ಗೊತ್ತೇ ಇರಲಿಲ್ಲ. ಅವತ್ತು ರಾತ್ರಿ ರಿಪೋರ್ಟನ್ನು ಮಗನ ಕೈಗೆ ಕೊಟ್ಟರಂತೆ. "ಬಾಪಾ, ಇದನ್ನು ಯಾಕೆ ಅಡಗಿಸಿದ್ದು?" ಎಂದು ಮಗ ಬೈದನಂತೆ. ಈಗ ಅಸರ್ ಕಳೆದು ಪೇಟೆಗೆ ನಡೆದೇ ಹೋಗುತ್ತಾರೆ. ಮೂರು ತಿಂಗಳು ಬಿಟ್ಟು ಪುನಃ ರಕ್ತ ಪರೀಕ್ಷೆ ಉಂಟು.