ಬೆಳ್ಳಿ ಪಾತ್ರೆಗಳು: ತೂಗುವ ಮೊದಲು ಹೆಸರು ತಿಳಿಯಿರಿ

1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಅದೇ ದಿನ ಹೈದರಾಬಾದ್ ರಾಜ್ಯದ ನಾರಾಯಣಪೇಟೆ, ಮಕ್ತಲ್ ಹಾಗೂ ರಾಯಚೂರು ಜಿಲ್ಲೆಗೆ ಸೇರಿದ್ದ ಗದ್ವಾಲ ಆಂಧ್ರಪ್ರದೇಶಕ್ಕೆ ಹೋದವು. 2014ರಿಂದ ಇವು ತೆಲಂಗಾಣದಲ್ಲಿವೆ. ನಮ್ಮಂತೆಯೇ ಗಡಿಯಾಚೆ ಉಳಿದ ಕನ್ನಡ ಮನೆಗಳು ಅಲ್ಲಿವೆ. ನಾರಾಯಣಪೇಟೆ, ಗದ್ವಾಲಗಳ ಹೆಸರು ಸೀರೆಗಳಿಂದ ನಮಗೆಲ್ಲ ಪರಿಚಿತ. ಆ ಸೀಮೆಯ ಬೆಳ್ಳಿ ಪಾತ್ರೆಗಳನ್ನೂ ಗಮನಿಸಬೇಕು. ಅವುಗಳಲ್ಲಿ ಎರಡು ಬಗೆಯ ಉಪಚಾರ ಕೂಡಿದೆ.

ಮೊದಲನೆಯದು ಪಂಕ್ತಿಯ ಉಪಚಾರ. ಅಂಗೈಯಲ್ಲಿ ಹಿಡಿಯುವಷ್ಟು ಸಣ್ಣದಾದ, ಮೂತಿಯುಳ್ಳ ಪಾತ್ರೆ ಮಿಳ್ಳೆ. ಎಲೆಗೆ ತುಪ್ಪದ ಅಭಿಘಾರ ಮಾಡಲು ಇದು ಬೇಕು. ಬಿಸಿ ತುಪ್ಪ ಸಣ್ಣ ಧಾರೆಯಾಗಿ ಬೀಳಲೆಂದೇ ಮೂತಿ ಕಿರಿದು. ನಮ್ಮ ಗಿಂಡಿಗೂ ಮೂತಿಯುಂಟು, ಆದರೆ ಅದು ನೀರಿನ ಪಾತ್ರೆ, ಗಾತ್ರದಲ್ಲಿ ದೊಡ್ಡದು. ಹಿಡಿಯ ತುದಿಯಲ್ಲಿ ನಾಗನ ಹೆಡೆಯಿರುವ ಪುಟ್ಟ ಚಮಚ ಕಂಡರೆ ಅದು ಉದ್ಧರಣೆ. ಪಂಚಪಾತ್ರೆಯ ತೀರ್ಥ ಕೊಡುವುದಕ್ಕೆ ಮೀಸಲು, ಊಟಕ್ಕಲ್ಲ.

ಎರಡನೆಯದು, 1948ರ ತನಕ ನಡೆದ ನಿಜಾಮರ ಆಳ್ವಿಕೆಯ ದಿವಾನಖಾನೆಯ ಉಪಚಾರ. ಉದ್ದ ಕತ್ತು, ತೂತುಳ್ಳ ತಲೆ ಇದ್ದರೆ ಅದು ಗುಲಾಬದಾನಿ, ನಮ್ಮ ಮದುವೆ ಮನೆಯ ಪನ್ನೀರುದಾನಿ. ಅತ್ತರು ಇಡುವ ಪುಟ್ಟ ಪಾತ್ರೆ ಅತ್ತರದಾನಿ. ಒಳಗೆ ಸಣ್ಣ ಸಣ್ಣ ಮನೆಗಳಿರುವ ಮುಚ್ಚಳದ ಪೆಟ್ಟಿಗೆ ಪಾನದಾನ. ಅಡಿಕೆ, ಸುಣ್ಣ, ಏಲಕ್ಕಿ, ಲವಂಗಗಳಿಗೆ ಬೇರೆ ಬೇರೆ ಜಾಗ. ಬೆಳ್ಳಿಯ ತಂತಿಯನ್ನು ಹೆಣೆದು ಇಂಥವನ್ನು ಮಾಡುವ ಕರೀಂನಗರದ ಕುಸುರಿ ಕೆಲಸಕ್ಕೆ 2007ರಲ್ಲಿ ಭೌಗೋಳಿಕ ಗುರುತು ದೊರೆಯಿತು.

ಹೊಳೆಯುವುದೆಲ್ಲ ಬೆಳ್ಳಿಯಲ್ಲ. ಬೀದರಿನ ಬಿದರಿ ಪಾತ್ರೆಯ ಕಪ್ಪು ಒಡಲು ಸತು ಮತ್ತು ತಾಮ್ರದ ಮಿಶ್ರಣ, ಮೇಲಿನ ಚಿತ್ತಾರ ಮಾತ್ರ ಬೆಳ್ಳಿ. ಜರ್ಮನ್ ಸಿಲ್ವರ್‌ನಲ್ಲಿ ತಾಮ್ರ, ನಿಕ್ಕಲ್, ಸತು ಇವೆ. ಬೆಳ್ಳಿ ಇಲ್ಲವೇ ಇಲ್ಲ. ತಳದಲ್ಲಿ ‘ಇ.ಪಿ.ಎನ್.ಎಸ್.’ ಎಂಬ ಇಂಗ್ಲಿಷ್ ಅಕ್ಷರಗಳಿದ್ದರೆ ಬೆಳ್ಳಿಯ ಲೇಪ ಮಾತ್ರ. ತುಂಬಾ ಬಳಸಿದ ಅಂಚುಗಳಲ್ಲಿ ಒಳಗಿನ ಲೋಹ ಕಾಣಿಸುತ್ತದೆ. ನಡೆಯುವ ಸಿಂಹದ ಮುದ್ರೆ ಇಂಗ್ಲೆಂಡಿನದು, ಸಾವಿರಕ್ಕೆ 925 ಪಾಲು ಬೆಳ್ಳಿ ಎಂದು ಅದರ ಅರ್ಥ. ಅಯಸ್ಕಾಂತ ಅಂಟದಿದ್ದರೆ ಬೆಳ್ಳಿಯೆಂದು ತೀರ್ಮಾನಿಸಬಾರದು. ತಾಮ್ರಕ್ಕೂ ಅದು ಅಂಟದು. ನಮ್ಮಲ್ಲಿ ಬೆಳ್ಳಿಗೆ ಹಾಲ್‌ಮಾರ್ಕ್ ಬಂದದ್ದೇ 2005ರಲ್ಲಿ. ಆದ್ದರಿಂದ ಅಜ್ಜಿಯ ಕಾಲದ ಪಾತ್ರೆಯಲ್ಲಿ ಆ ಮುದ್ರೆ ಇಲ್ಲವೆಂದು ಅನುಮಾನಿಸಬೇಕಾಗಿಲ್ಲ. ನಂಬಿಕೆಯ ಅಕ್ಕಸಾಲಿಗರಿಂದ ಪರೀಕ್ಷಿಸಿಕೊಳ್ಳಬಹುದು.

ಬೆಳ್ಳಿ ಕಪ್ಪಾಗುವುದು ಗಾಳಿಯಲ್ಲಿರುವ ಗಂಧಕದಿಂದ. ಅದಕ್ಕೆ ಹೆದರಿ ಒರಟಾಗಿ ಉಜ್ಜಿದರೆ ಕೊರೆದ ಹೆಸರು, ಚಿತ್ತಾರಗಳು ಸವೆದುಹೋಗುತ್ತವೆ. ಉಪ್ಪು ಬೆಳ್ಳಿಯನ್ನು ತಿನ್ನುತ್ತದೆ, ಉಪ್ಪಿನಕಾಯಿಯನ್ನು ಅದರಲ್ಲಿ ಬಿಡಬಾರದು.

2025ರಲ್ಲಿ ಬೆಳ್ಳಿಯ ಬೆಲೆ ಕಿಲೋಗೆ ಒಂದೂವರೆ ಲಕ್ಷ ರೂಪಾಯಿಯನ್ನು ದಾಟಿತು. ಇಂಥ ಹೊತ್ತಿನಲ್ಲಿ ಹಳೆಯ ಪಾತ್ರೆಗಳು ತಕ್ಕಡಿಗೆ ಏರುವುದು ಸಹಜ. ಕಷ್ಟಕಾಲಕ್ಕೆಂದೇ ಹಿರಿಯರು ಬೆಳ್ಳಿ ಕೂಡಿಟ್ಟದ್ದು, ಮಾರುವುದು ತಪ್ಪೆನ್ನಲಾಗದು. ಆದರೆ ತಕ್ಕಡಿಗೆ ಮಿಳ್ಳೆಯೂ ಒಂದೇ, ಮುರಿದ ಕಾಲುಂಗುರವೂ ಒಂದೇ. ಒಮ್ಮೆ ಕರಗಿದರೆ ತಳದಲ್ಲಿ ಚುಕ್ಕೆ ಹೊಡೆದು ಬರೆಸಿದ ಅಜ್ಜಿಯ ಹೆಸರಾಗಲಿ, ಅಕ್ಕಸಾಲಿಗನ ಕೈಕೆಲಸವಾಗಲಿ ಮರಳಿ ಬಾರದು.

ಆದ್ದರಿಂದ ಮಾರುವ ಮೊದಲು ಮನೆಯ ಹಿರಿಯರನ್ನು ಕೂರಿಸಿ ಕೇಳಿರಿ: ಇದರ ಹೆಸರೇನು, ಇದರಲ್ಲಿ ಏನು ಬಡಿಸುತ್ತಿದ್ದರು, ಯಾರ ಮದುವೆಗೆ ಬಂದದ್ದು? ಉತ್ತರವನ್ನು ಒಂದು ಚೀಟಿಯಲ್ಲಿ ಬರೆದು ಪಾತ್ರೆಯೊಳಗಿಡಿರಿ. ಉಳಿಸಿಕೊಂಡ ಒಂದೆರಡನ್ನು ಪೆಟ್ಟಿಗೆಯಲ್ಲಿ ಮುಚ್ಚಿಡದೆ, ಬರುವ ಹಬ್ಬದ ಪಂಕ್ತಿಯಲ್ಲಿ ತುಪ್ಪ ಬಡಿಸಲು ಮಕ್ಕಳ ಕೈಗೆ ಕೊಡಿರಿ.