ಶ್ರುತಿ ಕೂಡಿದ ಡ್ಯಾಟ್ಸನ್

ಹಳೆಯ ಡ್ಯಾಟ್ಸನ್ 240ಝಡ್ ಕಾರು ಕೊಳ್ಳಲು ಹೋದ ತಿಳಿದವರು ಎಂಜಿನ್ ಸ್ಟಾರ್ಟ್ ಮಾಡಿಸುವುದಕ್ಕೂ ಮೊದಲು ಬಾನೆಟ್ ಎತ್ತಿಸಿ ಬ್ಯಾಟರಿ ಕೂರುವ ತಟ್ಟೆಯನ್ನು ನೋಡುತ್ತಾರೆ. ಆಸಿಡ್ ತೊಟ್ಟಿಕ್ಕಿ ಅಲ್ಲಿ ತೂತು ಬಿದ್ದಿದ್ದರೆ ಅದರ ಕೆಳಗಿನ ಪಟ್ಟಿಯೂ ಕಾಲಿಡುವ ಜಾಗದ ತಗಡೂ ಹೋಗಿರುವುದು ಹೆಚ್ಚುಕಮ್ಮಿ ಖಾತ್ರಿ. ಆಮೇಲೆ ಜೇಬಿನಿಂದ ಅಯಸ್ಕಾಂತ ಹೊರಬರುತ್ತದೆ. ಅದು ಅಂಟದ ಕಡೆ ಬಣ್ಣದ ಕೆಳಗಿರುವುದು ಕಬ್ಬಿಣವಲ್ಲ, ಪುಟ್ಟಿ. ಕೊನೆಗೆ ಸ್ಕ್ರೂಡ್ರೈವರಿನ ಹಿಡಿಯಿಂದ ಕಾರಿನ ತಳವನ್ನೆಲ್ಲ ತಟ್ಟುತ್ತಾ ಹೋಗುತ್ತಾರೆ. ಗಟ್ಟಿ ತಗಡು ಠಣ್ಣೆನ್ನುತ್ತದೆ, ತುಕ್ಕು ತಿಂದದ್ದು ಬದ್ದೆನ್ನುತ್ತದೆ. ಎಂಜಿನ್ ವಿಚಾರ ಬರುವುದು ಇಷ್ಟೆಲ್ಲ ಆದ ಮೇಲೆ. ಅದು ಕೆಟ್ಟಿದ್ದರೂ ಯಾರೂ ಹೆದರುವುದಿಲ್ಲ, ಬಿಚ್ಚಿ ಕಟ್ಟಬಹುದು.

ಈ ಪಾಠ ಹೇಳಿದವರು ಲಾಸ್ ಏಂಜಲೀಸಿನ ದಕ್ಷಿಣಕ್ಕಿರುವ ಟೊರೆನ್ಸ್ ಊರಿನ ಒಂದು ಕನ್ನಡ ಮನೆಯ ಯಜಮಾನರು. ತಿಪಟೂರು ಕಡೆಯವರು, ನಿವೃತ್ತ ಎಂಜಿನಿಯರ್. "ನಮ್ಮ ಹೆಸರು ಹಾಕ್ಬೇಡಿ, ಕಾರಿನ ಬಣ್ಣ ಬೇಕಾದ್ರೆ ಬರ್ಕೊಳಿ" ಎಂದರು. ಬಣ್ಣ ಕಿತ್ತಳೆ. ಕಂಪನಿಯ ಬಣ್ಣದ ಪಟ್ಟಿಯಲ್ಲಿ ಅದರ ನಂಬರು 918. ಕಾರು 1972ರ ಮಾಡೆಲ್. ಉದ್ದನೆಯ ಮೂತಿ, ಇಬ್ಬರಿಗಷ್ಟೇ ಸೀಟು, ಹಿಂದೆ ಮೇಲಕ್ಕೆತ್ತುವ ಗಾಜಿನ ಬಾಗಿಲು. ಎರಡು ಕಾರು ನಿಲ್ಲಬೇಕಾದ ಗ್ಯಾರೇಜಿನಲ್ಲಿ ಇದೊಂದೇ ನಿಂತಿದೆ. ಉಳಿದ ಅರ್ಧದಲ್ಲಿ ವೆಲ್ಡಿಂಗ್ ಮೆಷಿನ್ನು, ಕಂಪ್ರೆಸರು, ಚೀಟಿ ಅಂಟಿಸಿದ ಪ್ಲಾಸ್ಟಿಕ್ ಪೊಟ್ಟಣಗಳಲ್ಲಿ ನಟ್ಟು ಬೋಲ್ಟು. ದಿನನಿತ್ಯ ಓಡಾಡುವ ಕಾರು ಬಿಸಿಲಿನಲ್ಲಿ ಬೀದಿಯಲ್ಲಿದೆ.

ಅಮೆರಿಕದಲ್ಲಿ ಹೀಗೆ ಮನೆಯ ಗ್ಯಾರೇಜಿನಲ್ಲೇ ಹಳೆಯ ಜಪಾನಿ ಸ್ಪೋರ್ಟ್ಸ್ ಕಾರುಗಳನ್ನು ಕಟ್ಟುವ ಹವ್ಯಾಸಿಗಳ ದೊಡ್ಡ ಬಳಗವೇ ಇದೆ. ಅದರಲ್ಲಿ ಮೆಕ್ಯಾನಿಕ್ಕುಗಳಷ್ಟೇ ಅಲ್ಲ, ಮೇಷ್ಟ್ರುಗಳು, ಗುಮಾಸ್ತರು, ಪೋಸ್ಟಿನವರೂ ಇದ್ದಾರೆ. ಈ ಕಾರು ಹೊಸದಿದ್ದಾಗ ಅದನ್ನು ಕೊಂಡವರೂ ಅಂಥವರೇ. ಅದರ ಹಿಂದೆ ಒಬ್ಬ ಮನುಷ್ಯನ ಹಟವಿದೆ.

ಯುಟಾಕಾ ಕತಯಾಮಾ ಹುಟ್ಟಿದ್ದು 1909ರಲ್ಲಿ. 1935ರಲ್ಲಿ, ಡ್ಯಾಟ್ಸನ್ ಕಾರುಗಳನ್ನು ಮಾಡುತ್ತಿದ್ದ ನಿಸಾನ್ ಕಂಪನಿಯನ್ನು ಸೇರಿದರು. 1958ರಲ್ಲಿ ಆಸ್ಟ್ರೇಲಿಯಾ ಸುತ್ತುವ ರ್‍ಯಾಲಿಗೆ ಎರಡು ಪುಟ್ಟ ಡ್ಯಾಟ್ಸನ್‌ಗಳನ್ನು ಕರೆದುಕೊಂಡು ಹೋಗಿ, ಒಂದಕ್ಕೆ ಅದರ ವರ್ಗದಲ್ಲಿ ಮೊದಲ ಬಹುಮಾನ ಗೆದ್ದು ಬಂದರು. ಟೋಕಿಯೊ ಕಚೇರಿಯಲ್ಲಿ ಕೂತು ಫೈಲು ನೋಡುವ ಆಸಾಮಿ ಇವರಲ್ಲ ಎಂದು ಕಂಪನಿಗೂ ಅನಿಸಿರಬೇಕು. 1960ರಲ್ಲಿ ಅಮೆರಿಕಕ್ಕೆ ಕಳಿಸಿದರು. ಆಗ ಕ್ಯಾಲಿಫೋರ್ನಿಯಾದಲ್ಲಿ ಜಪಾನಿನ ಕಾರೆಂದರೆ ನಗುವವರೇ ಹೆಚ್ಚು. ಹೆದ್ದಾರಿಯ ವೇಗಕ್ಕೆ ಅವು ಏದುಸಿರು ಬಿಡುತ್ತಿದ್ದವು. ದೊಡ್ಡ ಡೀಲರುಗಳು ಬಾಗಿಲು ಹಾಕಿದಾಗ ಕತಯಾಮಾ ಸೆಕೆಂಡ್ ಹ್ಯಾಂಡ್ ಕಾರು ಮಾರುವವರ ಅಂಗಳಕ್ಕೆ ಹೋಗಿ ಕೂತರು. ಮಾರಿದ ಕಾರಿಗೆ ಬಿಡಿಭಾಗ ಸಿಗಲೇಬೇಕು, ರಿಪೇರಿ ಆಗಲೇಬೇಕು ಎಂಬುದು ಅವರ ಪಟ್ಟು. ಜನ ಅವರನ್ನು 'ಮಿಸ್ಟರ್ ಕೆ' ಎಂದು ಕರೆದರು.

ಅವರ ದೊಡ್ಡ ಆಸೆ, ಸಂಬಳದವರ ಕೈಗೆ ಎಟುಕುವ ಒಂದು ಚೆಂದದ ಸ್ಪೋರ್ಟ್ಸ್ ಕಾರು. ಯೊಶಿಹಿಕೊ ಮಾತ್ಸುವೊ ಎಂಬ ವಿನ್ಯಾಸಕರ ತಂಡ ಅದಕ್ಕೆ ರೂಪ ಕೊಟ್ಟಿತು. 1969ರ ಅಕ್ಟೋಬರಿನಲ್ಲಿ ಜಪಾನಿನಲ್ಲಿ ಅದನ್ನು 'ಫೇರ್‌ಲೇಡಿ ಝಡ್' ಎಂಬ ಹೆಸರಿನಲ್ಲಿ ಹೊರತಂದರು. ಕಂಪನಿಯ ಅಧ್ಯಕ್ಷರು ನ್ಯೂಯಾರ್ಕಿನಲ್ಲಿ ನೋಡಿ ಮೆಚ್ಚಿದ ಸಂಗೀತ ನಾಟಕದಿಂದ ಬಂದ ಹೆಸರು ಅದು. ಈ ಹೆಸರಿಟ್ಟುಕೊಂಡು ಅಮೆರಿಕದಲ್ಲಿ ಕಾರು ಮಾರಲಾಗದೆಂದು ಕತಯಾಮಾ, ಬಂದಿಳಿದ ಕಾರುಗಳ ಹೆಸರಿನ ಬಿಲ್ಲೆಗಳನ್ನು ಕೀಳಿಸಿ 240ಝಡ್ ಎಂಬ ಬಿಲ್ಲೆ ಹಾಕಿಸಿದರು ಎಂಬ ಕಥೆಯನ್ನು ಝಡ್ ಬಳಗದಲ್ಲಿ ಇವತ್ತಿಗೂ ರಸವತ್ತಾಗಿ ಹೇಳುತ್ತಾರೆ. ನಮ್ಮ ಯಜಮಾನರೂ ಉಳಿ, ಸುತ್ತಿಗೆಯ ಅಭಿನಯ ಸಮೇತ ಹೇಳಿದರು.

ಬೆಲೆ 3,526 ಡಾಲರ್. ಆರು ಸಿಲಿಂಡರು, 2,393 ಸಿಸಿ, 151 ಅಶ್ವಶಕ್ತಿ, ನಾಲ್ಕೂ ಚಕ್ರಕ್ಕೆ ಬೇರೆಬೇರೆ ಸಸ್ಪೆನ್ಷನ್. ಇಷ್ಟೆಲ್ಲ ಇದ್ದ ಜಾಗ್ವಾರ್ ಕೊಳ್ಳಲು ಇನ್ನೂ ಎಷ್ಟೋ ಹೆಚ್ಚು ತೆರಬೇಕಿತ್ತು. ಬೆಲೆ ಇಳಿದದ್ದರ ಗುಟ್ಟು ಎಂಜಿನ್ನಿನಲ್ಲಿದೆ. ನಿಸಾನಿನ ಸಾಧಾರಣ 510 ಕಾರಿನ ನಾಲ್ಕು ಸಿಲಿಂಡರಿನ ಎಂಜಿನ್ನಿಗೆ ಇನ್ನೆರಡು ಸಿಲಿಂಡರು ಸೇರಿಸಿದ ಹಾಗೆ ಅದನ್ನು ಮಾಡಿದ್ದರು. ಎರಡರಲ್ಲೂ ಬೋರು 83 ಮಿಲಿಮೀಟರು, ಸ್ಟ್ರೋಕು 73.7. ಅರಮನೆಗೆ ಬೇರೆ ಅಡುಗೆಮನೆ ಕಟ್ಟದೆ ಊರಿನ ಛತ್ರದ ಒಲೆಯಲ್ಲೇ ಹಬ್ಬದಡುಗೆ ಮಾಡಿದಂತೆ. ಐವತ್ತು ವರ್ಷದ ಮೇಲೂ ಈ ಕಾರನ್ನು ಮನೆಯಲ್ಲಿ ಕೂತು ರಿಪೇರಿ ಮಾಡಲು ಸಾಧ್ಯವಾಗಿರುವುದು ಇದರಿಂದಲೇ. ಒಳಗೆ ನಿಗೂಢವಾದದ್ದು ಏನೂ ಇಲ್ಲ. ಹತ್ತು, ಹನ್ನೆರಡು, ಹದಿನಾಲ್ಕರ ಪಾನಾ ಇದ್ದರೆ ಬಹಳಷ್ಟು ಬಿಚ್ಚಿಕೊಳ್ಳುತ್ತದೆ.

ತುಕ್ಕು ಮಾತ್ರ ಪಾನಾಕ್ಕೆ ಬಗ್ಗುವುದಲ್ಲ. ಆಗಿನ ಜಪಾನಿನ ತಗಡಿಗೆ ಇಂದಿನಂಥ ರಕ್ಷಣೆ ಇರಲಿಲ್ಲ. ನೆಲದ ತಗಡು ಒಂದು ಮಿಲಿಮೀಟರಿನಷ್ಟೂ ದಪ್ಪವಿಲ್ಲ. ಕೊಳೆತದ್ದನ್ನು ಕತ್ತರಿಸಿ ಹೊಸದನ್ನು ಕೂರಿಸುವ ಮುನ್ನ ಬಾಗಿಲಿನ ಚೌಕಟ್ಟಿಗೆ ಅಡ್ಡಲಾಗಿ ಕಬ್ಬಿಣದ ಪೈಪು ಬೆಸೆಯುತ್ತಾರೆ. ಚಾಸಿ ಎಂದು ಬೇರೆ ಇಲ್ಲದ ಕಾರು. ನೆಲ ಕತ್ತರಿಸಿದೊಡನೆ ಮೈ ಜಗ್ಗಿ, ಕೆಲಸವೆಲ್ಲ ಮುಗಿದ ಮೇಲೆ ಬಾಗಿಲು ಹಾಕಲು ಬಾರದಂತಾಗುತ್ತದೆ. ವೆಲ್ಡಿಂಗನ್ನು ಒಂದೇ ಎಳೆಯಲ್ಲಿ ಎಳೆದರೆ ತಗಡು ಕಾದು ಹಪ್ಪಳವಾಗುತ್ತದೆ. ಇಲ್ಲೊಂದು ಚುಕ್ಕಿ, ಎದುರು ಮೂಲೆಯಲ್ಲೊಂದು ಚುಕ್ಕಿ, ಆರಲು ಬಿಟ್ಟು ನಡುವೆ ಇನ್ನೊಂದು. ಒಂದು ಪ್ಯಾಚು ಪೂರ್ತಿ ಕೂರುವಷ್ಟರಲ್ಲಿ ಭಾನುವಾರ ಮುಗಿಯುತ್ತದೆ. ನಂತರ ಗ್ರೈಂಡ್ ಮಾಡಿ, ಪ್ರೈಮರ್ ಹೊಡೆದು, ಸಂದುಗಳಿಗೆ ಸೀಲರ್ ತುಂಬಿ, ಟೊಳ್ಳಿನೊಳಕ್ಕೆ ಮೇಣ ಬಿಡುತ್ತಾರೆ. ಬಣ್ಣ, ಸೀಟು, ಕಾರ್ಪೆಟ್ಟು ಎಲ್ಲ ಆಮೇಲಿನ ಮಾತು. ಅದನ್ನು ಯಜಮಾನರು ಹೊರಗೆ ಕೊಟ್ಟು ಮಾಡಿಸಿದರಂತೆ, ಅದರ ಬಗ್ಗೆ ಅವರಿಗೆ ಹೇಳುವ ಉಮೇದೂ ಇರಲಿಲ್ಲ.

ನಾನು ಹೋದದ್ದು ಕಾರು ನೋಡಲು. ಮನಸ್ಸಿನಲ್ಲಿ ಉಳಿದದ್ದು ಅವರ ಶ್ರೀಮತಿ.

240ಝಡ್‌ಗೆ ಎರಡು ಕಾರ್ಬುರೇಟರ್. ಮೊದಲ ವರ್ಷಗಳ ಕಾರಿನಲ್ಲಿದ್ದವು ಬ್ರಿಟಿಷರ ಎಸ್‌ಯು ಮಾದರಿಯಲ್ಲಿ ಹಿಟಾಚಿ ಮಾಡಿದ ಗುಂಡುತಲೆಯವು. ಮುಂದಿನದು ಮೂರು ಸಿಲಿಂಡರಿಗೆ, ಹಿಂದಿನದು ಮೂರಕ್ಕೆ. ಎರಡೂ ಸಮಸಮ ಗಾಳಿ ಎಳೆಯದಿದ್ದರೆ ಎಂಜಿನ್ ನಿಂತಲ್ಲೇ ಕುಲುಕಾಡುತ್ತದೆ. ನಮ್ಮ ಅಂಬಾಸಡರಿಗೂ ಇದೇ ಜಾತಿಯ ಎಸ್‌ಯು ಕಾರ್ಬುರೇಟರ್ ಇತ್ತು, ಆದರೆ ಒಂದೇ. ತಿಪಟೂರಿನ ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ಅದನ್ನು ಬಿಚ್ಚಿ ಸೀಮೆಎಣ್ಣೆಯಲ್ಲಿ ತೊಳೆಯುತ್ತಿದ್ದವರನ್ನು ನೋಡುತ್ತಾ ನಿಂತದ್ದೇ ಯಜಮಾನರ ಬಾಲ್ಯದ ಮೆಕ್ಯಾನಿಕ್ ಶಾಲೆ. ಒಂದನ್ನು ಟ್ಯೂನ್ ಮಾಡುವುದು ಗೊತ್ತಿತ್ತು. ಎರಡನ್ನು ಜೋಡಿಸುವುದು ಬೇರೆಯೇ ವಿದ್ಯೆ.

ಗಾಳಿ ಅಳೆಯುವ ಮೀಟರು ಅಂಗಡಿಯಲ್ಲಿ ಸಿಗುತ್ತದೆ. ಹಳಬರು ಬಳಸುವುದು ರಬ್ಬರ್ ಪೈಪಿನ ತುಂಡು. ಒಂದು ತುದಿ ಕಿವಿಗೆ, ಇನ್ನೊಂದು ಕಾರ್ಬುರೇಟರಿನ ಬಾಯಿಗೆ. ಎಂಜಿನ್ ಐಡಲಿಂಗ್‌ನಲ್ಲಿರುವಾಗ ಒಳಗೆ ಹೋಗುವ ಗಾಳಿ ಸುಯ್ಯೆನ್ನುವುದು ಕೇಳಿಸುತ್ತದೆ. ಮುಂದಿನದರ ಸುಯ್ಯಿಗೂ ಹಿಂದಿನದಕ್ಕೂ ವ್ಯತ್ಯಾಸ ಇರಬಾರದು. ಯಜಮಾನರಿಗೆ ಎರಡೂ ಒಂದೇ ಥರ ಕೇಳಿಸುತ್ತವೆ, ಎಂಜಿನ್ ಮಾತ್ರ ಒಪ್ಪುವುದಿಲ್ಲ. ಅವರ ಶ್ರೀಮತಿ ಚಿಕ್ಕಂದಿನಿಂದ ವೀಣೆ ಕಲಿತವರು, ಈಗಲೂ ಅಲ್ಲಿನ ಮಕ್ಕಳಿಗೆ ಪಾಠ ಹೇಳುತ್ತಾರೆ. ಮನೆಯ ಬಾಗಿಲಿನತ್ತ ತಿರುಗಿ ಯಜಮಾನರು, "ಏನೇ, ಒಂದ್ನಿಮಿಷ ಬಾ ಇಲ್ಲಿ" ಎಂದು ಕೂಗಿದರು. ಅವರು ಬಂದು, ಸೆರಗು ಸಿಕ್ಕಿಸಿ, ಬಳೆ ಹಿಂದಕ್ಕೆ ಸರಿಸಿ, ಪೈಪನ್ನು ಕಿವಿಗಿಟ್ಟುಕೊಂಡು ಕಣ್ಣು ಮುಚ್ಚಿದರು. ಮುಂದಿನದನ್ನು ಕೇಳಿದರು, ಹಿಂದಿನದನ್ನು ಕೇಳಿದರು.

"ರೀ, ಹಿಂದಿನದು ಇನ್ನೂ ಇಳಿದೇ ಇದೆ."

ಯಜಮಾನರು ಹಿಂದಿನ ಕಾರ್ಬುರೇಟರಿನ ಐಡಲ್ ಸ್ಕ್ರೂವನ್ನು ಕೂದಲೆಳೆಯಷ್ಟು ತಿರುಗಿಸಿದರು.

"ಇನ್ನೊಂಚೂರು. ಸಾಕು, ಸಾಕು, ಏರ್‍ಸಿಬಿಟ್ರಿ. ಸ್ವಲ್ಪ ಇಳಿಸಿ. ಹಾಂ."

ಕುಲುಕಾಟ ನಿಂತಿತು. ಬಾನೆಟ್ಟಿನೊಳಗೆ ಇಟ್ಟಿದ್ದ ಸ್ಕ್ರೂಡ್ರೈವರಿನ ಟಕಟಕ ಕೂಡ ನಿಂತಿತು.

ಅಲ್ಲಿಗೆ ಅರ್ಧ ಕೆಲಸ. ಇನ್ನರ್ಧ ಪೆಟ್ರೋಲಿನ ಪ್ರಮಾಣದ್ದು. ಕಾರ್ಬುರೇಟರಿನೊಳಗಿನ ಪಿಸ್ಟನ್ನನ್ನು ಸಣ್ಣ ಪಿನ್ನಿನಿಂದ ಒಂದೆರಡು ಮಿಲಿಮೀಟರಿಗೂ ಕಡಿಮೆ ಎತ್ತುತ್ತಾರೆ. ಎಂಜಿನ್ ವೇಗ ಏರಿ ಹಾಗೇ ನಿಂತರೆ ಪೆಟ್ರೋಲು ಹೆಚ್ಚಾಗಿದೆ, ಆರಿಹೋಗುವಂತಾದರೆ ಕಡಿಮೆಯಾಗಿದೆ, ಒಂದು ಕ್ಷಣ ತುಸು ಏರಿ ಮತ್ತೆ ಮೊದಲಿನಂತಾದರೆ ಸರಿಯಾಗಿದೆ. ಕೆಳಗಿನ ನಟ್ಟನ್ನು ಬೆರಳಿನಲ್ಲೇ ತಿರುಗಿಸಿ ಹೊಂದಿಸುತ್ತಾರೆ. ಇದಕ್ಕೂ ತೀರ್ಪು ಶ್ರೀಮತಿಯವರದೇ. ಊರಿನ ಝಡ್ ಬಳಗದ ಇತರರೂ ಈಗ ಬಾನೆಟ್ ಎತ್ತಿಕೊಂಡು ಇವರ ಮನೆ ಮುಂದೆ ನಿಲ್ಲುವುದುಂಟಂತೆ. "ನಂಗೆ ಕಾರು ಓಡಿಸೋಕೇ ಬರಲ್ಲ" ಎಂದು ಅವರು ನಗುತ್ತಾ ಒಳಗೆ ಹೋದರು, ಒಲೆಯ ಮೇಲೆ ಸಾರಿತ್ತು.

ಹೊಸತರ ಹಾಗೆ ಕಟ್ಟುವುದು ಒಂದು ದಾರಿಯಾದರೆ, ಬದಲಾಯಿಸುತ್ತಾ ಕಟ್ಟುವುದು ಇನ್ನೊಂದು. ಯಜಮಾನರ ಕಾರಿನಲ್ಲಿರುವುದು ಮೂಲ ಎಂಜಿನ್ ಅಲ್ಲ, 1975ರಿಂದ 280ಝಡ್‌ಗೆ ಬಂದ 2,753 ಸಿಸಿಯದು. ಹೊರಗಿನ ಅಳತೆಗಳು ಹೊಂದುವುದರಿಂದ ಸಲೀಸಾಗಿ ಕೂರುತ್ತದೆ. ನಾಲ್ಕು ಗೇರಿನ ಜಾಗದಲ್ಲಿ ಐದು ಗೇರು, ಪಾಯಿಂಟಿನ ಬದಲು 280ಝಡ್‌ಎಕ್ಸ್‌ನ ಎಲೆಕ್ಟ್ರಾನಿಕ್ ಡಿಸ್ಟ್ರಿಬ್ಯೂಟರ್. ಮುಂದಿನ ಬ್ರೇಕಿಗೆ ಟೊಯೋಟಾ ಪಿಕಪ್ಪಿನ ನಾಲ್ಕು ಪಿಸ್ಟನ್ನಿನ ಕ್ಯಾಲಿಪರ್. ಇದನ್ನೆಲ್ಲ ಸೇರಿಸಲು ಕ್ಯಾಲಿಫೋರ್ನಿಯಾದ ಕಾನೂನಿನ ಒಂದು ವಿನಾಯ್ತಿಯೂ ನೆರವಾಗಿದೆ. 1975 ಮತ್ತು ಅದಕ್ಕಿಂತ ಹಿಂದಿನ ಮಾಡೆಲ್ಲುಗಳಿಗೆ ಅಲ್ಲಿ ಹೊಗೆ ತಪಾಸಣೆ ಇಲ್ಲ. ನಮ್ಮಲ್ಲಾಗಿದ್ದರೆ ಆರ್‌ಟಿಒ ಬಾಗಿಲಲ್ಲೇ ಕಥೆ ಮುಗಿಯುತ್ತಿತ್ತು. ತಯಾರಕರ ಮೂಲ ವಿವರಗಳಿಗೆ ವಿರುದ್ಧವಾಗಿ ವಾಹನವನ್ನು ಮಾರ್ಪಡಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಹೇಳಿದೆ. 2021ರ ವಿಂಟೇಜ್ ನಿಯಮಗಳೂ ಐವತ್ತು ವರ್ಷ ದಾಟಿದ, ಮೂಲ ರೂಪದಲ್ಲೇ ಇರುವ ವಾಹನಗಳನ್ನಷ್ಟೇ ಲೆಕ್ಕಕ್ಕಿಟ್ಟಿವೆ. ಸುರಕ್ಷತೆಯ ಕಾಳಜಿ ಸರಿಯೇ. ಆದರೆ ಹಳೆಯ ಕಾರಿಗೆ ಒಳ್ಳೆಯ ಬ್ರೇಕು ಹಾಕುವುದಕ್ಕೂ, ಕಿವಿ ತೂತಾಗುವ ಸೈಲೆನ್ಸರ್ ಹಾಕುವುದಕ್ಕೂ ವ್ಯತ್ಯಾಸ ಕಾಣುವ ಒಂದು ನಿಯಮ ಇದ್ದರೆ ನಮ್ಮ ಕೈಗಾರರಿಗೂ ಕೆಲಸವಿರುತ್ತಿತ್ತು.

ಗ್ಯಾರೇಜಿನ ಗೋಡೆಯ ಮೇಲೆ ಒಂದೇ ಒಂದು ಚಿತ್ರ, ಕೆಸರಿನಲ್ಲಿ ಮಿಂದ 240ಝಡ್. ಪೂರ್ವ ಆಫ್ರಿಕಾದ ಸಫಾರಿ ರ್‍ಯಾಲಿಯನ್ನು ಈ ಕಾರು 1971ರಲ್ಲಿ ಗೆದ್ದಿತ್ತು. 1973ರಲ್ಲಿ ಮತ್ತೆ ಗೆದ್ದಾಗ ಸ್ಟೀರಿಂಗ್ ಹಿಡಿದಿದ್ದವರು ಶೇಖರ್ ಮೆಹ್ತಾ, ಉಗಾಂಡಾದಲ್ಲಿ ಹುಟ್ಟಿದ ಭಾರತೀಯ ಮೂಲದವರು. ಅದಕ್ಕೆ ಹಿಂದಿನ ವರ್ಷವಷ್ಟೇ ಇದಿ ಅಮೀನ್ ಏಷ್ಯನ್ನರನ್ನು ಆ ದೇಶದಿಂದ ಹೊರಹಾಕಿದ್ದ. ಮೆಹ್ತಾ ಮುಂದೆ 1979ರಿಂದ 1982ರವರೆಗೆ ಸತತ ನಾಲ್ಕು ಬಾರಿ ಗೆದ್ದು, ಒಟ್ಟು ಐದು ಗೆಲುವಿನ ದಾಖಲೆ ಬರೆದರು. ಹೈಸ್ಕೂಲಿನಲ್ಲಿದ್ದಾಗ ಪತ್ರಿಕೆಯಲ್ಲಿ ಆ ಹೆಸರು ಓದಿದ ದಿನದಿಂದ ಯಜಮಾನರಿಗೆ ಇದೇ ಕಾರು ಬೇಕಿತ್ತು.

ಕನಸು ನನಸಾಗುವಾಗ ಕೈಗೆ ಬಂದ ಕಾರು ಗುಜರಿಗೆ ಹತ್ತಿರವಿತ್ತು. ಆಗ ಹಳೆಯ ಝಡ್‌ಗಳಿಗೆ ಬೆಲೆ ಇರಲಿಲ್ಲ. 1990ರ ದಶಕದ ಕೊನೆಯ ವರ್ಷಗಳಲ್ಲಿ ನಿಸಾನ್ ಕಂಪನಿಯೇ ಹಳೆಯ 240ಝಡ್‌ಗಳನ್ನು ಹೊಸತರಂತೆ ಕಟ್ಟಿಸಿ ಸುಮಾರು 25 ಸಾವಿರ ಡಾಲರಿಗೆ ಷೋರೂಮಿನಲ್ಲಿ ಮಾರಲು ನೋಡಿತು. ಕೆಲಸದ ಖರ್ಚು ಲೆಕ್ಕ ಮೀರಿತು. ನಲವತ್ತು ಕಾರುಗಳ ಆಸುಪಾಸಿನಲ್ಲೇ ಯೋಜನೆ ನಿಂತುಹೋಯಿತು. ಕಂಪನಿಗೆ ಪೂರೈಸದ ಕೆಲಸವನ್ನು ಹವ್ಯಾಸಿಗಳು ರಜಾದಿನಗಳಲ್ಲಿ, ತಮ್ಮ ದುಡಿಮೆಗೆ ಕೂಲಿ ಹಿಡಿಯದೆ ಮಾಡಿಕೊಂಡು ಬಂದರು.

2020ರ ಜನವರಿಯಲ್ಲಿ, ಹೆಚ್ಚು ಓಡದೆ ಇದ್ದಂತೆಯೇ ಉಳಿದಿದ್ದ 1971ರ 240ಝಡ್ ಒಂದು ಹರಾಜಿನಲ್ಲಿ 3,10,000 ಡಾಲರಿಗೆ ಹೋಯಿತು. ಅಲ್ಲಿಂದಾಚೆ ಬಳಗದ ಮಾತಿನ ಧಾಟಿಯೇ ಬದಲಾಗಿದೆಯೆಂದು ಯಜಮಾನರ ಕೊರಗು. ಯಾವ ಬ್ರೇಕು ಹಾಕಿದ್ದೀರಿ ಎಂದು ಕೇಳುತ್ತಿದ್ದವರು ಎಂಜಿನ್ ನಂಬರು ಮೂಲದ್ದೇ ಎಂದು ಕೇಳುತ್ತಾರೆ. ಓಡಿಸಿದರೆ ಬೆಲೆ ಇಳಿಯುತ್ತದೆ ಎಂದು ಬುದ್ಧಿ ಹೇಳುತ್ತಾರೆ. ಇವರು ಕೇಳುವುದಿಲ್ಲ, ಆರ್ಟೀಸಿಯಾದ ಭಾರತೀಯ ಅಂಗಡಿಗಳಿಂದ ಅಕ್ಕಿ, ಬೇಳೆ ತರುವುದು ಇದರಲ್ಲೇ.

ಕತಯಾಮಾ 1977ರಲ್ಲಿ ಜಪಾನಿಗೆ ಮರಳಿದರು. ಅಮೆರಿಕದ ವಾಹನೋದ್ಯಮದವರು 1998ರಲ್ಲಿ ಅವರನ್ನು ತಮ್ಮ 'ಹಾಲ್ ಆಫ್ ಫೇಮ್'ಗೆ ಸೇರಿಸಿಕೊಂಡರು. 2015ರಲ್ಲಿ, 105ನೆಯ ವಯಸ್ಸಿನಲ್ಲಿ ತೀರಿಕೊಂಡರು. ಅವರು ಈ ಕಾರು ಮಾರಿದ್ದು ಸಂಬಳದವರಿಗೆ. ಅದನ್ನು ಗುಜರಿಯಿಂದ ಉಳಿಸಿದವರೂ ಸಂಬಳದವರೇ. ಉಳಿದದ್ದರಿಂದ ಬೆಲೆ ಬಂತು, ಬೆಲೆ ಬಂದದ್ದರಿಂದ ಇನ್ನೊಬ್ಬ ಸಂಬಳದವನಿಗೆ ಎಟುಕದಂತಾಯಿತು.

ಯಜಮಾನರ ಹತ್ತಿರ ಕೆಲಸ ಕಲಿಯಲು ಪಕ್ಕದ ಬೀದಿಯ ಕಾಲೇಜು ಹುಡುಗನೊಬ್ಬ ಬರುತ್ತಾನೆ. ಝಡ್ ಕೊಳ್ಳುವ ಆಸೆ ಬಿಟ್ಟು ಅವನು ಹಳೆಯ ಮಾಜ್ದಾ ಮಿಯಾಟಾ ಕೊಂಡಿದ್ದಾನೆ. ಒಳ್ಳೆಯ ಕಾರೇ, ಆದರೆ ಅದರದು ಫ್ಯೂಯಲ್ ಇಂಜೆಕ್ಷನ್, ಕಿವಿಗೆ ಕೆಲಸವಿಲ್ಲ. ವೆಲ್ಡಿಂಗನ್ನು ಮಾತ್ರ ಶ್ರದ್ಧೆಯಿಂದ ಕಲಿಯುತ್ತಿದ್ದಾನೆ. ಅದಕ್ಕೂ ಬಾಗಿಲ ಕೆಳಗಿನ ಪಟ್ಟಿಗೆ ತುಕ್ಕು ಹಿಡಿಯುತ್ತದಂತೆ.